ವೇಗ ಇಳಿದ ಮೇಲಿನ ಆಟ

ಬೇಸ್‌ಬಾಲ್ ಪಿಚರ್ ಬಾರ್ಟೊಲೊ ಕೊಲೋನ್ ಎಸೆಯುತ್ತಿದ್ದ ಒಂದು ಬಗೆಯ ಚೆಂಡನ್ನು ಎಷ್ಟು ಸಲ ನೋಡಿದರೂ ನನಗೆ ತಣಿವಿಲ್ಲ. ಎಡಗೈ ಬ್ಯಾಟರ್ ಪ್ಲೇಟಿನ ಪಕ್ಕದಲ್ಲಿ ನಿಂತಿರುತ್ತಾನೆ. ಚೆಂಡು ಹೊರಡುವುದೇ ಅವನ ಸೊಂಟದ ಕಡೆಗೆ. ಪೆಟ್ಟು ಬಿದ್ದೇಬಿಟ್ಟಿತೆಂದು ಅವನು ಹೊಟ್ಟೆಯನ್ನು ಒಳಕ್ಕೆಳೆದುಕೊಂಡು ಹಿಂದೆ ಸರಿಯುತ್ತಾನೆ. ಕೊನೆಯ ಕೆಲವು ಅಡಿಗಳಲ್ಲಿ ಚೆಂಡು ಮೆಲ್ಲಗೆ ಹೊರಳಿ, ಅವನ ಮೈಯಿಂದ ದೂರ ಸರಿದು, ಪ್ಲೇಟಿನ ಒಳ ಅಂಚನ್ನು ಸವರಿಕೊಂಡು ಕ್ಯಾಚರ್‌ನ ಗ್ಲೌಸಿಗೆ ಸೇರುತ್ತದೆ. ಗ್ಲೌಸು ಇಟ್ಟ ಜಾಗದಿಂದ ಅಲುಗಿರುವುದಿಲ್ಲ. ಅಂಪೈರ್ ಸ್ಟ್ರೈಕ್ ಎಂದು ಕೂಗುತ್ತಾನೆ. ಬ್ಯಾಟು ಬೀಸುವ ಮೊದಲೇ ಬ್ಯಾಟರ್ ಸೋತು ನಿಂತಿರುತ್ತಾನೆ. ಆ ಚೆಂಡಿನ ವೇಗ ಗಂಟೆಗೆ 88 ಮೈಲಿಯ ಆಸುಪಾಸು, ಅಂದರೆ ಸುಮಾರು 140 ಕಿಲೋಮೀಟರ್. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಅದು ಸಾಧಾರಣಕ್ಕಿಂತ ಕಡಿಮೆ ವೇಗ. ಎಸೆಯುತ್ತಿದ್ದವನಿಗೆ ವಯಸ್ಸು ನಲವತ್ತು ದಾಟಿತ್ತು.

2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡ ಈತನೊಂದಿಗೆ ಎರಡು ವರ್ಷದ ಒಪ್ಪಂದ ಮಾಡಿಕೊಂಡಿತು. ಮೊತ್ತ 2 ಕೋಟಿ ಡಾಲರ್. ಬೇಡ ಎನ್ನುವುದಕ್ಕೆ ಕಾರಣಗಳು ಸಾಲುಗಟ್ಟಿ ನಿಂತಿದ್ದವು. ಕೊಲೋನ್ ಹುಟ್ಟಿದ್ದು 1973ರ ಮೇ ತಿಂಗಳಲ್ಲಿ. ಒಂದು ಕಾಲದಲ್ಲಿ ಭುಜ ಕೈಕೊಟ್ಟಿತ್ತು. 2010ರಲ್ಲಿ ಇಡೀ ವರ್ಷ ಮೇಜರ್ ಲೀಗಿನಿಂದಲೇ ಹೊರಗಿದ್ದ. ದಾಖಲೆಯಲ್ಲಿದ್ದ ತೂಕ 285 ಪೌಂಡ್, ಅಂದರೆ ಸುಮಾರು 129 ಕಿಲೋ. ಎತ್ತರ ಆರಡಿಗೆ ಒಂದಂಗುಲ ಕಡಿಮೆ. ಇಷ್ಟು ಸಾಲದೆಂಬಂತೆ 2012ರ ಆಗಸ್ಟ್‌ನಲ್ಲಿ ಟೆಸ್ಟೊಸ್ಟೆರೋನ್ ಬಳಕೆಗಾಗಿ 50 ಪಂದ್ಯಗಳ ನಿಷೇಧ ಅನುಭವಿಸಿದ್ದ. ಬೇಕು ಎನ್ನುವುದಕ್ಕೆ ಇದ್ದದ್ದು ಒಂದೇ ಕಾರಣ. ಚೆಂಡನ್ನು ಎಲ್ಲಿಗೆ ಹಾಕಬೇಕೆಂದುಕೊಂಡನೋ ಅಲ್ಲಿಗೆ ಹಾಕಬಲ್ಲ ಕೈ ಅವನಲ್ಲಿ ಇನ್ನೂ ಉಳಿದಿತ್ತು.

ವಯಸ್ಸಾದ ಪಿಚರ್‌ನನ್ನು ತಂಡಕ್ಕೆ ಕರೆಯಬೇಕೇ ಎಂಬ ಪ್ರಶ್ನೆ ಅಮೆರಿಕದ ಬೇಸ್‌ಬಾಲ್ ಊರುಗಳಲ್ಲಿ ಪ್ರತಿ ಚಳಿಗಾಲವೂ ಏಳುತ್ತದೆ. ಕರೆಯಬೇಕು ಎಂದು ನಾನು ಹೇಳುವುದು ಕೊಲೋನ್‌ನ ಆ ಚೆಂಡನ್ನು ಕಣ್ಣ ಮುಂದೆ ಇಟ್ಟುಕೊಂಡು. ಬಲ ಕರಗಿದ ಮೇಲೂ ಹದ ಉಳಿಸಿಕೊಂಡ ಕೈ ಸಿಕ್ಕರೆ ಬಿಡಬಾರದು. ಅದು ತಂಡಕ್ಕೆ ಗೆಲುವು ತರಬಲ್ಲದು. ನೋಡುವವರಿಗೂ ಒಂದು ರಸ ಕೊಡುತ್ತದೆ. ಆ ರಸ ಇಪ್ಪತ್ತೈದರ ಹುಡುಗನ ನೂರು ಮೈಲಿ ವೇಗದಲ್ಲಿ ಸಿಗುವುದಿಲ್ಲ.

ಈ ಪ್ರಶ್ನೆ ಹುಟ್ಟಿದ ಬಗೆಯನ್ನು ಒಂದಿಷ್ಟು ತಿಳಿಯಬೇಕು. ಬಹುಕಾಲ ಅಮೆರಿಕದ ಆಟಗಾರ ಒಮ್ಮೆ ಸಹಿ ಹಾಕಿದ ತಂಡಕ್ಕೆ ಬದುಕಿಡೀ ಕಟ್ಟುಬಿದ್ದಿರುತ್ತಿದ್ದ. ತಂಡ ಮಾರಿದರೆ ಹೋಗಬೇಕು, ಇಟ್ಟುಕೊಂಡರೆ ಇರಬೇಕು. 1975ರ ಡಿಸೆಂಬರ್‌ನಲ್ಲಿ ಪಂಚಾಯ್ತಿಗೆ ಕೂತ ಪೀಟರ್ ಸೈಟ್ಜ್ ಆ ಕಟ್ಟನ್ನು ಬಿಚ್ಚಿದರು. ಅವರ ಮುಂದೆ ಮೊರೆಯಿಟ್ಟಿದ್ದ ಆ್ಯಂಡಿ ಮೆಸ್ಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನಾಲಿ ಇಬ್ಬರೂ ಪಿಚರ್‌ಗಳೇ. ಬಳಿಕ ಆದ ಒಪ್ಪಂದದ ಪ್ರಕಾರ ಮೇಜರ್ ಲೀಗಿನಲ್ಲಿ ಆರು ವರ್ಷ ಆಡಿದವನು ಫ್ರೀ ಏಜೆಂಟ್ ಆಗಬಹುದು, ತನಗೆ ಬೇಕಾದ ತಂಡದೊಂದಿಗೆ ಮಾತಾಡಬಹುದು. ಇಪ್ಪತ್ತಮೂರು, ಇಪ್ಪತ್ತನಾಲ್ಕಕ್ಕೆ ಲೀಗಿಗೆ ಕಾಲಿಟ್ಟವನು ಆರು ವರ್ಷ ಮುಗಿಸುವ ಹೊತ್ತಿಗೆ ಮೂವತ್ತರ ಹೊಸ್ತಿಲಲ್ಲಿರುತ್ತಾನೆ. ಹಾಗಾಗಿ ಫ್ರೀ ಏಜೆಂಟ್‌ಗಳ ಸಂತೆಗೆ ಬರುವವರಲ್ಲಿ ಬಹುಮಂದಿ ಯೌವನದ ವೇಗವನ್ನು ಬೇರೆ ಯಾರಿಗೋ ಕೊಟ್ಟು ಬಂದವರು. ನಲವತ್ತರವನ ಹೆಸರು ಕೇಳಿದರೆ ಗಾಬರಿಯಾಗುವ ತಂಡಗಳೂ ಮೂವತ್ತೆರಡರವನಿಗೆ ಆರೇಳು ವರ್ಷ ಬರೆದುಕೊಡುವುದುಂಟು. ನನ್ನ ಕಣ್ಣಿಗೆ ಅಪಾಯ ಹೆಚ್ಚು ಕಾಣುವುದು ಆ ಉದ್ದದ ಕಾಗದದಲ್ಲೇ.

ಪಿಚರ್‌ನ ಕೆಲಸ ಮೇಲ್ನೋಟಕ್ಕೆ ಸರಳ. 10 ಅಂಗುಲ ಎತ್ತರದ ದಿಬ್ಬದ ಮೇಲೆ ನಿಂತು 60 ಅಡಿ 6 ಅಂಗುಲ ದೂರದ ಹೋಮ್ ಪ್ಲೇಟಿನ ಮೇಲೆ ಚೆಂಡು ಹಾಯಿಸಬೇಕು. ಪ್ಲೇಟಿನ ಅಗಲ 17 ಅಂಗುಲ. ಕ್ರಿಕೆಟ್ಟಿನಲ್ಲಿ ಚೆಂಡಿಗೆ ನೆಲದ ಸಹಾಯ ಇರುತ್ತದೆ. ಪುಟಿಯುವಾಗ ಅದು ತಿರುಗಬಹುದು, ಏರಬಹುದು. ಬೇಸ್‌ಬಾಲ್‌ನಲ್ಲಿ ಏನು ನಡೆದರೂ ಗಾಳಿಯಲ್ಲೇ ನಡೆಯಬೇಕು. ಇರುವ ಸಾಧನ 108 ಹೊಲಿಗೆಗಳ ಚೆಂಡು ಮತ್ತು ಅದನ್ನು ಹಿಡಿದ ಬೆರಳುಗಳು ಮಾತ್ರ. 95 ಮೈಲಿ ವೇಗದ ಚೆಂಡು ಪ್ಲೇಟು ಮುಟ್ಟಲು ಹಿಡಿಯುವ ಹೊತ್ತು ಒಂದು ಸೆಕೆಂಡಿನ ಹತ್ತರಲ್ಲಿ ನಾಲ್ಕು ಪಾಲು. ಅಷ್ಟರೊಳಗೆ ಬ್ಯಾಟರ್ ನೋಡಬೇಕು, ಅಳೆಯಬೇಕು, ಬೀಸಬೇಕು. ವೇಗ ಹೆಚ್ಚಿದ್ದರೆ ಪಿಚರ್‌ನ ತಪ್ಪುಗಳಿಗೆ ಮಾಫಿ ಸಿಗುತ್ತದೆ. 99 ಮೈಲಿಯ ಚೆಂಡು ಪ್ಲೇಟಿನ ನಡುಮಧ್ಯೆ ಬಿದ್ದರೂ ಬ್ಯಾಟರ್ ತಡವಾಗಿ ಬೀಸಿಯಾನು. 88ರ ಚೆಂಡು ಅಲ್ಲಿ ಬಿದ್ದರೆ ಗ್ಯಾಲರಿಯಲ್ಲಿ ಹುಡುಕಬೇಕಾಗುತ್ತದೆ.

ಕೊಲೋನ್‌ಗೆ ಆ ಮಾಫಿಯ ದಿನಗಳೂ ಇದ್ದವು. ಡೊಮಿನಿಕನ್ ಗಣರಾಜ್ಯದ ಉತ್ತರದ ಗುಡ್ಡಗಳ ನಡುವಿನ ಆಲ್ಟಮಿರಾ ಅವನ ಊರು. ತಂದೆಯ ಜೊತೆ ಕಾಫಿ ಕೊಯ್ಯುತ್ತ, ಕಲ್ಲು ಬೀರಿ ಮರದ ಕಾಯಿ ಉದುರಿಸುತ್ತ ಬೆಳೆದ. 1997ರಲ್ಲಿ ಕ್ಲೀವ್‌ಲ್ಯಾಂಡ್ ತಂಡದಲ್ಲಿ ಮೊದಲ ಬಾರಿ ಮೇಜರ್ ಲೀಗ್ ದಿಬ್ಬ ಹತ್ತಿದಾಗ ಅವನ ತೋಳಲ್ಲಿ ನೂರು ಮೈಲಿ ಮುಟ್ಟುವ ಕಸುವಿತ್ತು. 2002ರಲ್ಲಿ ಮಾಂಟ್ರಿಯಲ್ ತಂಡ ಅವನಿಗಾಗಿ ನಾಲ್ವರನ್ನು ಬಿಟ್ಟುಕೊಟ್ಟಿತು. ಅವರಲ್ಲಿ ಕ್ಲಿಫ್ ಲೀ, ಬ್ರ್ಯಾಂಡನ್ ಫಿಲಿಪ್ಸ್, ಗ್ರೇಡಿ ಸೈಜ್‌ಮೋರ್ ಮೂವರೂ ಮುಂದೆ ದೊಡ್ಡ ಹೆಸರಾದರು. 2005ರಲ್ಲಿ ಏಂಜಲ್ಸ್ ತಂಡಕ್ಕೆ 21 ಪಂದ್ಯ ಗೆದ್ದುಕೊಟ್ಟು, ಅಮೆರಿಕನ್ ಲೀಗಿನ ಅತ್ಯುತ್ತಮ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಪಡೆದ. ಅದೇ ವರ್ಷ ಯಾಂಕೀಸ್ ವಿರುದ್ಧದ ಪ್ಲೇಆಫ್ ಪಂದ್ಯದ ಎರಡನೆಯ ಇನಿಂಗ್ಸಿನಲ್ಲಿ ಭುಜ ಹಿಡಿದುಕೊಂಡು ದಿಬ್ಬದಿಂದ ಇಳಿದ.

ಮುಂದಿನ ನಾಲ್ಕೈದು ವರ್ಷ ಗಾಯ, ಚಿಕಿತ್ಸೆ, ತಂಡ ಬದಲಾವಣೆಗಳಲ್ಲಿ ಕಳೆದವು. 2010ರಲ್ಲಿ ತಾಯ್ನಾಡಿನಲ್ಲಿ ತನ್ನದೇ ಕೊಬ್ಬು ಮತ್ತು ಅಸ್ಥಿಮಜ್ಜೆಯಿಂದ ತೆಗೆದ ಆಕರಕೋಶಗಳನ್ನು ಭುಜ, ಮೊಣಕೈಗಳಿಗೆ ಚುಚ್ಚಿಸಿಕೊಂಡ. ಮರುವರ್ಷ ಯಾಂಕೀಸ್ ತಂಡದಲ್ಲಿ ಸಣ್ಣ ಕರಾರಿನ ಮೇಲೆ ಮತ್ತೆ ಕಾಣಿಸಿಕೊಂಡ. ನನ್ನನ್ನು ಸೆಳೆದ ಕೊಲೋನ್ ಇಲ್ಲಿಂದ ಮುಂದಿನವನು.

ಒಬ್ಬ ಪಿಚರ್‌ನ ಬಳಿ ಸಾಮಾನ್ಯವಾಗಿ ಮೂರು, ನಾಲ್ಕು ಬಗೆಯ ಚೆಂಡುಗಳಿರುತ್ತವೆ. ಸ್ಲೈಡರ್ ಪಕ್ಕಕ್ಕೆ ಜಾರುತ್ತದೆ, ಕರ್ವ್ ಕೆಳಕ್ಕೆ ಬಾಗುತ್ತದೆ, ಚೇಂಜ್‌ಅಪ್ ವೇಗದ ಆಸೆ ತೋರಿಸಿ ತಡವಾಗಿ ಬರುತ್ತದೆ. ವೇಗ ಕಳೆದುಕೊಂಡವರು ಈ ಮೋಸದ ಚೆಂಡುಗಳ ಆಸರೆ ಹಿಡಿಯುವುದು ರೂಢಿ. ಕೊಲೋನ್ ಮಾಡಿದ್ದು ಅದಕ್ಕೆ ತದ್ವಿರುದ್ಧ. ಮೆಟ್ಸ್ ಕಾಲದಲ್ಲಿ ಅವನ ನೂರು ಚೆಂಡುಗಳಲ್ಲಿ ಎಂಬತ್ತಕ್ಕೂ ಹೆಚ್ಚು ಫಾಸ್ಟ್‌ಬಾಲ್‌ಗಳೇ. ಅಂದರೆ ತನ್ನಲ್ಲಿ ಕುಂದಿದ್ದ ವಸ್ತುವನ್ನೇ ಅವನು ಹೆಚ್ಚು ಬಳಸಿದ. ಏನು ಬರುತ್ತದೆಂದು ಬ್ಯಾಟರ್‌ಗೆ ಗೊತ್ತು, ಮೈದಾನಕ್ಕೂ ಗೊತ್ತು. ಗೊತ್ತಿಲ್ಲದ್ದು ಒಂದೇ, ಅದು ಎಲ್ಲಿಗೆ ಬರುತ್ತದೆ ಎಂಬುದು.

ಆ ಒಂದೇ ಫಾಸ್ಟ್‌ಬಾಲಿನೊಳಗೆ ಎಷ್ಟು ಬಗೆ! ಬೆರಳುಗಳನ್ನು ಹೊಲಿಗೆಗಳಿಗೆ ಅಡ್ಡವಾಗಿಟ್ಟು ಹಿಡಿದರೆ ಫೋರ್-ಸೀಮ್. ಅದು ಹೆಚ್ಚುಕಡಿಮೆ ನೇರ ಹೋಗುತ್ತದೆ, ತುಸು ಬೇಗ ಹೋಗುತ್ತದೆ. ಹೊಲಿಗೆಗಳ ಉದ್ದಕ್ಕೆ ಬೆರಳಿಟ್ಟರೆ ಟೂ-ಸೀಮ್. ಅದು ಬಲಗೈ ಪಿಚರ್‌ನ ಕೈಯಿಂದ ಹೊರಟು ಕೊನೆಯಲ್ಲಿ ಬಲಗೈ ಬ್ಯಾಟರ್ ನಿಲ್ಲುವ ಕಡೆಗೆ ವಾಲುತ್ತದೆ, ಜೊತೆಗೆ ಕೊಂಚ ಕುಸಿಯುತ್ತದೆ. ಈ ವಾಲುವಿಕೆಯನ್ನು ಅವನು ನಾಲ್ಕೂ ದಿಕ್ಕಿನಿಂದ ಬಳಸಿದ. ಎಡಗೈಯವನ ಸೊಂಟದಿಂದ ಒಳ ಅಂಚಿಗೆ ತಂದ. ಬಲಗೈಯವನಿಗೆ ಪ್ಲೇಟಿನ ಆಚೆ ಹೊರಗಡೆಯಿಂದ ಹೊರ ಅಂಚಿಗೆ ಮರಳಿಸಿದ. ಹೊರಗೆ ಹೋಗುತ್ತದೆಂದು ಬ್ಯಾಟರ್ ಬಿಟ್ಟ ಚೆಂಡು ಒಳಗೆ ಬರುತ್ತಿತ್ತು, ಒಳಗಿದೆಯೆಂದು ಬೀಸಿದ ಚೆಂಡು ಬ್ಯಾಟಿನ ಹಿಡಿಗೆ ತಾಗುತ್ತಿತ್ತು. ಅದರ ಮೇಲೆ ವೇಗವನ್ನೂ ಒಂದೊಂದೇ ಮೈಲಿ ಏರಿಳಿಸುತ್ತಿದ್ದ. ಒಂದು ಚೆಂಡು 86, ಮುಂದಿನದು 89, ತೀರಾ ಬೇಕಾದಾಗ 91. ಅನುಭವಿ ವೈಣಿಕನೊಬ್ಬ ಒಂದೇ ತಂತಿಯ ಮೇಲೆ ಗಮಕಗಳಿಂದ ರಾಗವನ್ನು ನಿಲ್ಲಿಸುವಂತೆ, ಕೊಲೋನ್ ಒಂದೇ ಚೆಂಡಿನ ಸಣ್ಣ ಸಣ್ಣ ಅಂತರಗಳಲ್ಲಿ ಇಡೀ ಪಂದ್ಯ ಕಟ್ಟುತ್ತಿದ್ದ.

2012ರ ಏಪ್ರಿಲ್ 18ರ ರಾತ್ರಿಯನ್ನು ಇಲ್ಲಿ ನೆನೆಯಬೇಕು. ಆಗ ಅವನು ಓಕ್‌ಲ್ಯಾಂಡ್ ತಂಡದಲ್ಲಿದ್ದ. ಎದುರಿಗೆ ಅವನ ಹಳೆಯ ತಂಡ ಏಂಜಲ್ಸ್, ಅವರದೇ ಮೈದಾನ. ಐದನೆಯ ಇನಿಂಗ್ಸಿನಿಂದ ಎಂಟನೆಯದರವರೆಗೆ ಅವನು ಸಾಲಾಗಿ 38 ಸ್ಟ್ರೈಕ್‌ಗಳನ್ನು ಎಸೆದ. ನಡುವೆ ಗುರಿ ತಪ್ಪಿ ಹೊರಗೆ ಹೋದ ಚೆಂಡು ಒಂದೂ ಇಲ್ಲ. ಕೆಲವನ್ನು ಬ್ಯಾಟರ್‌ಗಳು ಹೊಡೆದರು, ಕೆಲವಕ್ಕೆ ಬೀಸಿ ತಪ್ಪಿದರು, ಕೆಲವನ್ನು ನೋಡುತ್ತ ನಿಂತರು. ಒಂದೊಂದು ಎಸೆತದ ನಡುವೆಯೂ ಅವನ ಉಸಿರಾಟದಲ್ಲಿ ವ್ಯತ್ಯಾಸವಿಲ್ಲ. ಚೆಂಡು ತೆಗೆದುಕೊಂಡ, ಕ್ಯಾಚರ್ ಕಡೆ ನೋಡಿದ, ಕಾಲು ಸ್ವಲ್ಪವೇ ಎತ್ತಿದ, ಎಸೆದ. ಸಾಮಾನ್ಯ ಪಿಚರ್ ನೂರಕ್ಕೆ ಅರವತ್ತೈದು ಸ್ಟ್ರೈಕ್ ಎಸೆದರೆ ಅದೇ ಒಳ್ಳೆಯ ದಿನ. ಮೂವತ್ತೆಂಟನ್ನು ಒಂದೇ ದಾರದಲ್ಲಿ ಪೋಣಿಸುವುದು ಆ ಆಟದಲ್ಲಿ ಕಾಣಸಿಗದ ಸೊಗಸು.

ಅದರ ಹಿಂದಿನ ರಾತ್ರಿಯೇ ಡೆನ್ವರ್‌ನಲ್ಲಿ ಇನ್ನೊಬ್ಬ ಹಿರಿಯ, ಕೊಲರಾಡೊ ರಾಕೀಸ್ ತಂಡದ ಜೇಮಿ ಮೋಯರ್, 49 ವರ್ಷ 150 ದಿನದ ವಯಸ್ಸಿನಲ್ಲಿ ಪಂದ್ಯ ಗೆದ್ದು, ಮೇಜರ್ ಲೀಗಿನ ಅತಿ ಹಿರಿಯ ವಿಜೇತ ಪಿಚರ್ ಎನಿಸಿದ್ದ. ಅವನ ಚೆಂಡು 80 ಮೈಲಿಯನ್ನೂ ಮುಟ್ಟುತ್ತಿರಲಿಲ್ಲ. ಏಳು ಇನಿಂಗ್ಸ್ ಎಸೆದ. ಒಂದಾದ ಮೇಲೊಂದು ಬಂದ ಆ ಎರಡು ರಾತ್ರಿಗಳು ವೇಗದ ಬೆಲೆಯ ಬಗ್ಗೆ ಇರುವ ನಂಬಿಕೆಯನ್ನು ಸಡಿಲಿಸುತ್ತವೆ.

ಅದೇ 2012ರ ಆಗಸ್ಟ್‌ನಲ್ಲಿ ಕೊಲೋನ್‌ನ ನಿಷೇಧವೂ ಬಂತು. ಈ ಕಲೆಯನ್ನು ಪ್ರೀತಿಸುವವರು ಆ ಕಲೆಯನ್ನೂ, ಅಂದರೆ ಆ ಮಚ್ಚೆಯನ್ನೂ, ನೋಡಲೇಬೇಕು. ಅವನು ಮಾಡಿದ್ದು ತಪ್ಪು. ಶಿಕ್ಷೆ ಅನುಭವಿಸಿದ, ಕ್ಷಮೆ ಕೇಳಿದ. ಔಷಧಿ ಸ್ನಾಯುವಿಗೆ ಬಲ ಕೊಟ್ಟೀತು, ಬೆರಳಿಗೆ ಗುರಿ ಕಲಿಸಲಾರದು ಎಂಬ ಸಮಾಧಾನ ಹೇಳಿಕೊಳ್ಳಬಹುದು. ಆದರೆ ಬಲ ಉಳಿದಿದ್ದರಿಂದಲೇ ದಣಿವು ಕಡಿಮೆಯಾಗಿ ಗುರಿಯೂ ಉಳಿಯಿತು ಎಂಬ ವಾದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ನಿಷೇಧ ಮುಗಿಸಿ ಮರಳಿದ 2013ರಲ್ಲಿ ಅವನು 18 ಪಂದ್ಯ ಗೆದ್ದ, 6 ಸೋತ. ಒಂಬತ್ತು ಇನಿಂಗ್ಸಿಗೆ ಕೊಟ್ಟ ರನ್ ಸರಾಸರಿ 2.65. ಮುಂದೆ ಐದು ವರ್ಷ ಪರೀಕ್ಷೆಗಳ ಕಣ್ಣಿನಡಿಯಲ್ಲೇ ಆಡಿದ. ಅವನ ಆ ನಂತರದ ಆಟವನ್ನು ನಾನು ಮನಸಾರೆ ಮೆಚ್ಚುತ್ತೇನೆ, ಮಚ್ಚೆಯನ್ನು ಒರೆಸಲು ಹೋಗುವುದಿಲ್ಲ.

ಮೆಟ್ಸ್ ತಂಡಕ್ಕೆ ಆಗ ಅವಸರವೊಂದಿತ್ತು. ಅವರ ಕಣ್ಮಣಿ ಮ್ಯಾಟ್ ಹಾರ್ವಿ 2013ರ ಅಕ್ಟೋಬರ್‌ನಲ್ಲಿ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ. 2014 ಅವನ ಪಾಲಿಗೆ ಇಲ್ಲ. ಜನರಲ್ ಮ್ಯಾನೇಜರ್ ಸ್ಯಾಂಡಿ ಆಲ್ಡರ್ಸನ್‌ಗೆ ಬೇಕಿದ್ದದ್ದು ಇನಿಂಗ್ಸ್. ಬೇಸ್‌ಬಾಲ್ ಕ್ಯಾಲೆಂಡರಿನಲ್ಲಿ 162 ಪಂದ್ಯಗಳಿವೆ. ಐದು ದಿನಕ್ಕೊಮ್ಮೆ ದಿಬ್ಬ ಹತ್ತಿ ಆರೇಳು ಇನಿಂಗ್ಸ್ ತೂಗಿಸುವ ಒಬ್ಬ ನಂಬಿಕಸ್ಥ ಇಲ್ಲದಿದ್ದರೆ ಉಳಿದ ಪಿಚರ್‌ಗಳ ತೋಳು ಸೋಲುತ್ತದೆ. ಹೊಸಬರಾದ ಜೇಕಬ್ ಡಿಗ್ರಾಮ್, ಜಾಕ್ ವೀಲರ್, ನೋವಾ ಸಿಂಡರ್‌ಗಾರ್ಡ್, ಸ್ಟೀವನ್ ಮ್ಯಾಟ್ಜ್ ಮುಂದಿನ ದಿನಗಳಿಗಾಗಿ ಸಜ್ಜಾಗುತ್ತಿದ್ದರು. ಎಲ್ಲರೂ ವೇಗದ ಮಕ್ಕಳು. ಅವರ ನಡುವೆ ಬಂದು ಕೂತ ಹಿರಿಯ ಕೊಲೋನ್.

ಬಂದವನು ಕೊಟ್ಟದ್ದೇನು? 2014ರಲ್ಲಿ 200ಕ್ಕೂ ಹೆಚ್ಚು ಇನಿಂಗ್ಸ್, 15 ಗೆಲುವು. 2015ರಲ್ಲಿ 14 ಗೆಲುವು, 194 ಚಿಲ್ಲರೆ ಇನಿಂಗ್ಸಿನಲ್ಲಿ ಬರೀ 24 ವಾಕ್. ನಾಲ್ಕು ಚೆಂಡು ಗುರಿ ತಪ್ಪಿದರೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್ ಅದು. ಎಂಟು ಇನಿಂಗ್ಸಿಗೆ ಒಂದೇ ವಾಕ್ ಎಂಬ ಲೆಕ್ಕಕ್ಕೆ ಬರುತ್ತದೆ. ಬಿಟ್ಟುಕೊಟ್ಟ ಹಿಟ್‌ಗಳು ಬೇಕಾದಷ್ಟು, ಆದರೆ ದಾನವಾಗಿ ಏನನ್ನೂ ಕೊಡಲಿಲ್ಲ. ಅವನನ್ನು ಗೆಲ್ಲಬೇಕಾದರೆ ಬ್ಯಾಟು ಬೀಸಿಯೇ ಗೆಲ್ಲಬೇಕಿತ್ತು. ಒಪ್ಪಂದ ಮುಗಿದ ಮೇಲೆ ಮೆಟ್ಸ್ 2016ಕ್ಕೆ ಮತ್ತೊಂದು ವರ್ಷ ಕೊಟ್ಟಿತು, 72.5 ಲಕ್ಷ ಡಾಲರಿಗೆ. ಆ ವರ್ಷ ಹಾರ್ವಿ, ಡಿಗ್ರಾಮ್, ಮ್ಯಾಟ್ಜ್ ಮೂವರೂ ಶಸ್ತ್ರಚಿಕಿತ್ಸೆಗೆ ಹೋದರು. ಅದಕ್ಕೂ ಮುಂಚೆ, 2015ರಲ್ಲೇ, ವೀಲರ್ ಮೊಣಕೈಗೆ ಟಾಮಿ ಜಾನ್ ಚಿಕಿತ್ಸೆಯಾಗಿತ್ತು. ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಇನಿಂಗ್ಸ್ ಎಸೆದು, 15 ಗೆದ್ದು, 3.43ರ ಸರಾಸರಿಯಲ್ಲಿ ತಂಡವನ್ನು ಪ್ಲೇಆಫ್ ಬಾಗಿಲಿಗೆ ಮುಟ್ಟಿಸಿದವನು ನಲವತ್ತಮೂರರ ಕೊಲೋನ್. ಎಳೆಯ ತೋಳುಗಳ ಮೇಲೆ ಇಟ್ಟ ಭರವಸೆ ಒಂದೊಂದಾಗಿ ಕಳಚುತ್ತಿದ್ದಾಗ ಅಪಾಯದ ಬಾಜಿ ಎನಿಸಿದ್ದ ಹಳೆಯ ತೋಳು ನಿಂತಿತು.

ಇದಕ್ಕೆ ಕಾರಣವಿದೆ. ಪಿಚರ್‌ನ ಮೊಣಕೈಯ ಒಳಬದಿಯ ಸಣ್ಣ ಅಸ್ಥಿಬಂಧಕ್ಕೆ ಪ್ರತಿ ಎಸೆತವೂ ಭಾರವೇ. ತನ್ನ ಕಸುವಿನ ತುದಿಯಲ್ಲಿ ಎಸೆಯುವವನಿಗೆ ಆ ಭಾರ ಇನ್ನೂ ಹೆಚ್ಚು. ಕೊಲೋನ್ ತುದಿಗೆ ಹೋಗುತ್ತಲೇ ಇರಲಿಲ್ಲ. ಅವನ ಎಸೆತದಲ್ಲಿ ಕಾಲನ್ನು ಎದೆಗೆತ್ತುವ ಆರ್ಭಟವಿಲ್ಲ, ಎಸೆದ ಮೇಲೆ ಪಕ್ಕಕ್ಕೆ ಬೀಳುವ ತೂರಾಟವಿಲ್ಲ. ದೊಡ್ಡ ದೇಹ ಒಂದೇ ಅಚ್ಚಿನಲ್ಲಿ ತಿರುಗಿ, ಮುಂಗಾಲು ಅದೇ ಜಾಗಕ್ಕೆ ಊರಿ, ಕೈ ಅದೇ ಎತ್ತರದಿಂದ ಬರುತ್ತಿತ್ತು. ಹೊಟ್ಟೆ ನೋಡಿ ನಕ್ಕವರು ಪಾದ ನೋಡಲಿಲ್ಲ. ಆ ಪಾದದ ಸಮತೋಲದಲ್ಲಿ ಅವನ ಗುರಿಯ ಬೇರಿತ್ತು.

ಆ ದೇಹದ ಚುರುಕನ್ನು ಕಾಣಬೇಕಾದರೆ 2015ರ ಸೆಪ್ಟೆಂಬರ್ 5ರ ಮಿಯಾಮಿ ಪಂದ್ಯ ನೋಡಬೇಕು. ಮಾರ್ಲಿನ್ಸ್ ತಂಡದ ಜಸ್ಟಿನ್ ಬೋರ್ ತಾಗಿಸಿದ ಚೆಂಡು ದಿಬ್ಬಕ್ಕೂ ಮೊದಲ ಬೇಸಿಗೂ ನಡುವೆ ಮೆಲ್ಲಗೆ ಉರುಳುತ್ತದೆ. ಕೊಲೋನ್ ಇಳಿದು ಓಡುತ್ತಾನೆ, ಬಾಗಿ ಹಿಡಿಯುತ್ತಾನೆ. ಮೈಯ ರಭಸ ಮುಂದಕ್ಕೆ ಒಯ್ಯುತ್ತಿದೆ, ನಿಂತು ತಿರುಗಿ ಎಸೆಯಲು ಪುರುಸೊತ್ತಿಲ್ಲ. ಓಡುತ್ತಲೇ ಕೈಯನ್ನು ಬೆನ್ನ ಹಿಂದೆ ತಂದು ಚೆಂಡನ್ನು ಮೊದಲ ಬೇಸಿಗೆ ಚಿಮ್ಮಿಸುತ್ತಾನೆ. ಬೋರ್ ಔಟ್. ಪ್ರೇಕ್ಷಕರಿಗೆ ಅದು ಚಮತ್ಕಾರ. ನನಗೆ ಹೆಚ್ಚು ಹಿಡಿಸುವುದು ಅದರ ಔಚಿತ್ಯ. ಬೇರೆ ಯಾವ ಬಗೆಯಲ್ಲಿ ಎಸೆದಿದ್ದರೂ ತಡವಾಗುತ್ತಿತ್ತು. ಇದ್ದುದರಲ್ಲಿ ಅತ್ಯಂತ ಸಮೀಪದ ದಾರಿಯನ್ನು ಕೈ ತಾನೇ ಆರಿಸಿತು. ಆ ಪಂದ್ಯವನ್ನು ಅವನು ಒಂದೂ ರನ್ ಕೊಡದೆ ಕೊನೆಯವರೆಗೆ ತಾನೇ ಎಸೆದು ಮುಗಿಸಿದ.

2015ರ ಅಕ್ಟೋಬರ್‌ನಲ್ಲಿ ಮೆಟ್ಸ್ ಲೀಗಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ಗೆ ಹೋಯಿತು. ಕ್ಯಾನ್ಸಸ್ ಸಿಟಿ ರಾಯಲ್ಸ್ ಎದುರಿನ ಮೊದಲ ಪಂದ್ಯ 14 ಇನಿಂಗ್ಸಿನವರೆಗೆ ಎಳೆಯಿತು, ಕೊನೆಗೆ ದಿಬ್ಬದ ಮೇಲಿದ್ದವನು ಕೊಲೋನ್, ಸೋಲು ಅವನ ಹೆಸರಿಗೆ ಬಿತ್ತು. ಸರಣಿಯನ್ನು ರಾಯಲ್ಸ್ ಐದೇ ಪಂದ್ಯಗಳಲ್ಲಿ ಗೆದ್ದಿತು. ಕಪ್ಪು ಸಿಗಲಿಲ್ಲ. ಆದರೆ ಮೊದಲ ಪಂದ್ಯದ ಹನ್ನೆರಡನೆಯ ಇನಿಂಗ್ಸಿನಲ್ಲಿ, ಸೀಸನ್ ಪೂರ್ತಿ ದುಡಿದ ತೋಳನ್ನು ಮತ್ತೆ ಎತ್ತಿಕೊಂಡು ಬಂದ ನಲವತ್ತೆರಡರ ಮನುಷ್ಯನಲ್ಲಿ ತಂಡ ಇಟ್ಟಿದ್ದ ನಂಬಿಕೆಯೇ ಆ ಒಪ್ಪಂದ ಫಲಿಸಿದ್ದಕ್ಕೆ ಸಾಕ್ಷಿ.

ಸಂತೋಷದ ಪಾಲೂ ಇತ್ತು. ಆಗ ನ್ಯಾಷನಲ್ ಲೀಗಿನಲ್ಲಿ ಪಿಚರ್‌ಗಳೂ ಬ್ಯಾಟು ಹಿಡಿಯಬೇಕಿತ್ತು. 2022ರಿಂದ ಆ ಪದ್ಧತಿ ಹೋಯಿತು. ಕೊಲೋನ್ ಬೀಸಿದರೆ ತಲೆಯ ಹೆಲ್ಮೆಟ್ಟೇ ಉದುರುತ್ತಿತ್ತು. 2016ರ ಮೇ 7ರಂದು ಸ್ಯಾನ್ ಡಿಯೇಗೋದ ಪೆಟ್ಕೊ ಪಾರ್ಕ್‌ನಲ್ಲಿ ಜೇಮ್ಸ್ ಶೀಲ್ಡ್ಸ್ ಎಸೆದ ಚೆಂಡನ್ನು ಅವನು ಎಡ ಬೇಲಿಯ ಆಚೆ ಕಳಿಸಿದ. ಹುಟ್ಟುಹಬ್ಬಕ್ಕೆ ಎರಡೂವರೆ ವಾರ ಉಳಿದಿತ್ತು, ವಯಸ್ಸು 42. ಜೀವನದ ಮೊದಲ ಹೋಮ್ ರನ್ನನ್ನು ಅಷ್ಟು ತಡವಾಗಿ ಹೊಡೆದವರು ಮೇಜರ್ ಲೀಗಿನಲ್ಲಿ ಬೇರಿಲ್ಲ. ಬೇಸುಗಳನ್ನು ಸುತ್ತಲು ಅವನು ಅವಸರ ಮಾಡಲಿಲ್ಲ. ಕಷ್ಟಪಟ್ಟು ಗಳಿಸಿದ್ದನ್ನು ನಿಧಾನವಾಗಿ ಉಂಡ. ಎದುರಾಳಿಯ ಮೈದಾನವಾದರೂ ಕೂತಿದ್ದವರು ಎದ್ದು ಕೂಗಿದರು. ತಂಡವೊಂದು ಅಭಿಮಾನಿಗಳ ಎದೆಯಲ್ಲಿ ಉಳಿಯುವುದು ಇಂಥ ಸಂಜೆಗಳಿಂದ, ಇವಕ್ಕೆ ಒಪ್ಪಂದದ ಕಾಗದದಲ್ಲಿ ಅಂಕಣವಿರುವುದಿಲ್ಲ.

ಇನ್ನು ಎದುರಿನ ಮಾತು. 2016ರ ನವೆಂಬರ್‌ನಲ್ಲಿ ಅಟ್ಲಾಂಟಾ ಬ್ರೇವ್ಸ್ ಒಂದು ವರ್ಷಕ್ಕೆ 1.25 ಕೋಟಿ ಡಾಲರ್ ಕೊಟ್ಟು ಅದೇ ಕೊಲೋನ್‌ನನ್ನು ಕರೆದೊಯ್ದಿತು. 13 ಪಂದ್ಯಗಳಲ್ಲಿ 2 ಗೆಲುವು, 8 ಸೋಲು, ರನ್ ಸರಾಸರಿ 8.14. ಅರ್ಧ ಸೀಸನ್ ಮುಗಿಯುವ ಮುನ್ನವೇ ಬಿಟ್ಟುಬಿಟ್ಟರು. ವ್ಯಕ್ತಿ ಅವನೇ, ಚೆಂಡೂ ಅದೇ. ಅಂಚನ್ನು ಸವರಬೇಕಿದ್ದ ಟೂ-ಸೀಮ್ ಎರಡು ಅಂಗುಲ ಒಳಗೆ ಬಂದರೆ ಸಾಕು, ಉಳಿದೆಲ್ಲ ಕುಸಿಯುತ್ತದೆ. ಹದದ ಮೇಲೆ ನಿಂತ ಆಟಕ್ಕೆ ಇರುವ ಅಪಾಯ ಇದೇ. ವೇಗದವನು ಒಂದೊಂದೇ ಮೈಲಿ ಇಳಿಯುತ್ತಾನೆ, ತಂಡಕ್ಕೆ ಸೂಚನೆ ಸಿಗುತ್ತದೆ. ಹದದವನು ಕಡೆಯ ಮೆಟ್ಟಿಲಲ್ಲಿ ನಿಂತಿರುತ್ತಾನೆ, ಅಲ್ಲಿಂದ ಜಾರಿದರೆ ಕೆಳಗೆ ಮೆಟ್ಟಿಲಿಲ್ಲ. ಒಂದೇ ವರ್ಷದ ಕರಾರು ಆಗಿದ್ದರಿಂದ ಬ್ರೇವ್ಸ್‌ಗೆ ಹಣ ಹೋಯಿತು, ಮುಂದಿನ ವರ್ಷಗಳು ಹೋಗಲಿಲ್ಲ.

ಅಟ್ಲಾಂಟಾ ಬಿಟ್ಟ ಮೇಲೆ ಮಿನೆಸೋಟ. ಅಲ್ಲಿಂದ 2018ಕ್ಕೆ ಟೆಕ್ಸಸ್ ರೇಂಜರ್ಸ್, ಕೆಳದರ್ಜೆಯ ಲೀಗಿನ ಕರಾರಿನ ಮೇಲೆ. ಏಪ್ರಿಲ್ 15ರಂದು ಹ್ಯೂಸ್ಟನ್‌ನಲ್ಲಿ, ಹಿಂದಿನ ವರ್ಷವಷ್ಟೇ ವರ್ಲ್ಡ್ ಸೀರೀಸ್ ಗೆದ್ದಿದ್ದ ಆ್ಯಸ್ಟ್ರೋಸ್ ಎದುರು ಕೊಲೋನ್ ದಿಬ್ಬ ಹತ್ತಿದ. ಎದುರು ದಿಕ್ಕಿನ ಪಿಚರ್ ಜಸ್ಟಿನ್ ವರ್ಲ್ಯಾಂಡರ್. ಒಂದನೆಯ ಇನಿಂಗ್ಸಿನಿಂದ ಏಳನೆಯದರವರೆಗೆ ಬಂದ 21 ಬ್ಯಾಟರ್‌ಗಳಲ್ಲಿ ಒಬ್ಬನೂ ಮೊದಲ ಬೇಸ್ ಮುಟ್ಟಲಿಲ್ಲ. ನಲವತ್ತೈದಕ್ಕೆ ಹತ್ತಿರವಾದವನು, ಪಂದ್ಯವಿಡೀ ಒಬ್ಬನನ್ನೂ ಬೇಸ್ ಮುಟ್ಟಲು ಬಿಡದ ಪರ್ಫೆಕ್ಟ್ ಗೇಮ್‌ನ ಬಾಗಿಲಲ್ಲಿ ನಿಂತಿದ್ದ. ಎಂಟನೆಯದರಲ್ಲಿ ಕಾರ್ಲೋಸ್ ಕೊರಿಯಾಗೆ ಒಂದು ವಾಕ್, ಆಮೇಲೆ ಜಾಶ್ ರೆಡಿಕ್ ಹೊಡೆದ ಡಬಲ್, ಮಾಯೆ ಹರಿಯಿತು. ಆದರೂ ಆ ಏಳು ಇನಿಂಗ್ಸ್ ಯಾರೂ ಕಸಿಯಲಾಗದ ಸಂಪತ್ತು. ಆ ವರ್ಷ ಒಟ್ಟಾರೆ ಅವನ ಲೆಕ್ಕ ಚೆನ್ನಾಗಿರಲಿಲ್ಲ. ಗೆಲುವುಗಳ ಸಂಖ್ಯೆ ಮಾತ್ರ 247ಕ್ಕೆ ಮುಟ್ಟಿ, ನಿಕರಾಗುವಾದ ಡೆನಿಸ್ ಮಾರ್ಟಿನೆಜ್‌ನ 245ನ್ನು ದಾಟಿತು. ಲ್ಯಾಟಿನ್ ಅಮೆರಿಕದಲ್ಲಿ ಹುಟ್ಟಿದ ಪಿಚರ್‌ಗಳಲ್ಲಿ ಅದು ಅತಿ ಹೆಚ್ಚು. 21 ಸೀಸನ್, 11 ತಂಡ. ವಿದಾಯಕ್ಕೆ ಅವನು ಆರಿಸಿಕೊಂಡದ್ದು ಮೆಟ್ಸ್. 2023ರ ಸೆಪ್ಟೆಂಬರ್‌ನಲ್ಲಿ ಅದೇ ತಂಡದವನಾಗಿ ಸಿಟಿ ಫೀಲ್ಡ್‌ನಲ್ಲಿ ನಿವೃತ್ತನಾದ. ಮೂರು ವರ್ಷ ಮಾತ್ರ ಇದ್ದ ಮನೆ, ಅದೂ ನಲವತ್ತರ ನಂತರ.

ಈ ಕಥೆಯಿಂದ ತಂಡಗಳಿಗೆ ನಾನು ಹೇಳುವುದಿಷ್ಟು. ಹೆಸರಿಗೆ, ಗೆದ್ದ ಪ್ರಶಸ್ತಿಗೆ, ಹಳೆಯ ವೇಗಕ್ಕೆ ಹಣ ಕೊಡಬೇಡಿ; ಅವೆಲ್ಲಕ್ಕೂ ಬೇರೆ ಯಾರೋ ಆಗಲೇ ಕೊಟ್ಟಾಗಿದೆ. ಅವನು ಈ ವರ್ಷ ಎಸೆದ ಚೆಂಡುಗಳನ್ನು ನೋಡಿ. ಕ್ಯಾಚರ್‌ನ ಗ್ಲೌಸು ಎಷ್ಟು ಸಲ ಅಲುಗದೆ ನಿಂತಿತು, ಎಷ್ಟು ವಾಕ್ ಕೊಟ್ಟ, ಎಸೆದ ಮೇಲೆ ಪಾದ ಎಲ್ಲಿ ಊರಿತು ಎಂಬುದನ್ನು ನೋಡಿ. ಕರಾರು ಒಂದು ವರ್ಷದ್ದಿರಲಿ, ಹೆಚ್ಚೆಂದರೆ ಎರಡು. ಹುಡುಗರ ಪಕ್ಕದಲ್ಲಿ ಅವನಿಗೆ ಜಾಗ ಕೊಡಿ, ಹುಡುಗರ ಜಾಗವನ್ನೇ ಅವನಿಗೆ ಕೊಡಬೇಡಿ. ಇಷ್ಟು ಒಪ್ಪವಾಗಿ ಕೂಡಿಬಂದರೆ ಕರೆಯಿರಿ, ಹೆದರಬೇಡಿ.

ಅಭಿಮಾನಿಗಳಿಗೆ ಹೇಳುವುದು ಬೇರೆ. ವೇಗ ಎಲ್ಲರ ಕಣ್ಣಿಗೂ ತಾನಾಗಿ ಕಾಣುತ್ತದೆ, ಫಲಕದ ಮೇಲೆ ಅಂಕಿಯಾಗಿ ಹೊಳೆಯುತ್ತದೆ. ಹದವನ್ನು ಕಾಣಬೇಕಾದರೆ ನೋಡುವವರೂ ನಿಧಾನಿಸಬೇಕು. ಈ ಚೆಂಡು ಇಲ್ಲಿಗೇ ಏಕೆ ಬಂತು, ಹಿಂದಿನದು ಎಲ್ಲಿತ್ತು, ಮುಂದಿನದು ಎಲ್ಲಿರಬಹುದು ಎಂದು ಜೊತೆಜೊತೆಗೆ ಯೋಚಿಸಬೇಕು. ವಯಸ್ಸಾದ ಪಿಚರ್ ದಿಬ್ಬದ ಮೇಲಿರುವ ಸಂಜೆ ಆಟ ನೋಡುವ ಕಣ್ಣೂ ಪಳಗುತ್ತದೆ. ಹಾಗೆ ಪಳಗಿದ ಕಣ್ಣಿಗೆ ಮರುದಿನ ಬರುವ ಹುಡುಗನ ನೂರು ಮೈಲಿಯೂ ಬರೀ ನೂರು ಮೈಲಿಯಾಗಿ ಕಾಣುವುದಿಲ್ಲ. ಅದರಲ್ಲಿ ಗುರಿ ಎಷ್ಟಿದೆ, ಆತುರ ಎಷ್ಟಿದೆ ಎಂಬುದೂ ತಿಳಿಯುತ್ತದೆ. ಗೆಲುವಿನ ಲೆಕ್ಕವನ್ನು ಪಕ್ಕಕ್ಕಿಟ್ಟರೂ, ಕೊಲೋನ್‌ನಂಥವನನ್ನು ಒಂದು ಬೇಸಿಗೆಯ ಮಟ್ಟಿಗಾದರೂ ಊರಿಗೆ ಕರೆತರಲು ಇಷ್ಟು ಕಾರಣ ಸಾಕು.